ಹಣೆಯ ಮೂರು ಗೆರೆ

ಈ ಮಾತು ನನ್ನೆದುರೇ ನಡೆಯಿತೋ, ಆಮೇಲೆ ಯಾರೋ ಹೇಳಿದರೋ, ಈಗ ಖಚಿತವಿಲ್ಲ. ತರೀಕೆರೆಯ ಕೇಬಲ್ ಚಾನೆಲ್‌ನಲ್ಲಿ ವಾರ್ತೆ ಓದುತ್ತಿದ್ದ ಪಕ್ಕದ ಮನೆಯಾಕೆಗೆ ಐವತ್ತು ದಾಟಿತ್ತು. ಊರಿನ ಸಾವಿನ ಸುದ್ದಿ ಬಂದರೆ ದನಿ ತಗ್ಗಿಸುತ್ತಿದ್ದರು; ಹಣೆಯಲ್ಲಿ ಮೂರು ಗೆರೆ ಮೂಡುತ್ತಿದ್ದವು.

“ಟೀವೀಲಿ ಈಗ ಯಾರ ಹಣೇಲೂ ಗೆರೆ ಇಲ್ಲ ಮೇಡಂ. ಶಿವಮೊಗ್ಗಕ್ಕೆ ಹೋಗಿ ಗೆರೆ ಹೋಗೋ ಹಂಗೆ ಹಣೆಗೆ ಇಂಜೆಕ್ಷನ್ ಹಾಕಿಸ್ಕೊಳ್ಳಿ, ಇಲ್ದಿದ್ರೆ ಬೇರೆಯೋರ್ನ ಕೂರಿಸ್ತೀನಿ,” ಎಂದ ಚಾನೆಲ್ ಮಾಲೀಕ.

“ಇಂಜೆಕ್ಷನ್‌ಗೆ ಮರಗಟ್ಟಿ ಹಣೆ ಅಲ್ಲಾಡ್ದಿದ್ರೆ ಸಾವಿನ ಸುದ್ದಿ ಹೆಂಗಪ್ಪಾ ಓದ್ಲಿ? ಅಡಿಕೆ ರೇಟು ಓದ್ದಂಗಿರ್ತದೆ!”

ಕೆಲಸ ಹೋಯಿತು. ಕೆಲವು ತಿಂಗಳಿಗೆ ಮಾಲೀಕನ ತಾಯಿ ತೀರಿಕೊಂಡರು. ಆ ಸುದ್ದಿ ಓದಲು ಅವನು ಇವರನ್ನೇ ಕರೆಸಿದನೆಂದು ನನ್ನ ನೆನಪು. ಕಥೆಯ ಹಾಗೆ ಇಷ್ಟು ಚೆನ್ನಾಗಿ ಹೊಂದುವ ನೆನಪನ್ನು ನಾನು ನಂಬುವುದಿಲ್ಲ. ಮೊನ್ನೆ ಚಾನೆಲ್ ಕಚೇರಿಯಲ್ಲಿ ಆ ದಿನದ ರೆಕಾರ್ಡಿಂಗ್ ಹಾಕಿಸಿ ನೋಡಿದೆ. ಓದಿದವರು ಅವರೇ. ಮೂರು ಗೆರೆಯೂ ಇದ್ದವು.