ಕಬ್ಬಿನ ಗಾಡಿಯಿಂದ ಬಿದ್ದಿದ್ದು ಯಾರ ಮಂಡಿ?

ಪುಟ್ಟಸ್ವಾಮಿ ಶ್ರೀರಂಗಪಟ್ಟಣದ ಬಸ್‌ಸ್ಟ್ಯಾಂಡ್ ಪಕ್ಕದ ಹೋಟ್ಲಿಗೆ ಬಂದೋನೇ, ಪ್ಯಾಂಟು ಮಂಡಿಗಂಟ ಮಡಚಿ, ಕಾಲನ್ನ ತಂದು ನನ್ನ ಇಡ್ಲಿ ತಟ್ಟೆ ಪಕ್ಕ ಬೆಂಚಿನ ಮೇಲಿಟ್ಟ.

"ನೋಡ್ಲಾ ಕಳ್ಳ. ಇದು ನನ್ ಮಂಡಿ. ಬಿದ್ದೋನು ನಾನು. ನೀನ್ಯಾಕ್ಲಾ ಬರ್ಕಂಡೆ?"

ಇಸವಿ ತೊಂಬತ್ತಾರೋ ತೊಂಬತ್ತೇಳೋ ಇರಬೇಕು. ನನ್ನ ಹೆಂಡತಿ ಜಯಮ್ಮ ತೀರಿಕೊಂಡು ಎರಡು ವರ್ಷ ಆಗಿತ್ತು. ಮನೇಲಿ ಮಾತಾಡೋರಿಲ್ಲದೆ ಕಥೆ ಬರೆಯೋಕೆ ಶುರು ಮಾಡಿದ್ದೆ.

ಕಾಲೇಜಲ್ಲಿ ನಮ್ಮ ಇಂಗ್ಲಿಷ್ ಲೆಕ್ಚರರು ಹೇಳ್ತಿದ್ದರು, ಮೆಮೊರಿ ಈಸ್ ದಿ ರಾ ಮೆಟೀರಿಯಲ್ ಆಫ್... ಆಫ್ ಏನೋ. ಮೆಮೊರಿ ಬಗ್ಗೆ ಹೇಳಿದ್ದೇ ಮೆಮೊರೀಲಿ ನಿಂತಿಲ್ಲ. ಇರಲಿ.

ನನ್ನ ಹತ್ರ ಇದ್ದ ಮೆಟೀರಿಯಲ್ ಒಂದೇ. ಹುಡುಗನಾಗಿದ್ದಾಗ ಪಾಂಡವಪುರದ ಕಡೆ ಹೋಗೋ ಕಬ್ಬಿನ ಗಾಡಿ ಮೇಲಿಂದ ಬಿದ್ದು ಮಂಡಿ ಕಿತ್ತುಹೋಯ್ತು. ರಸ್ತೆ ಪಕ್ಕದ ಮನೆಯಿಂದ ಒಬ್ಬಳು ಹುಡುಗಿ ಓಡಿಬಂದು ಗಾಯಕ್ಕೆ ಒಂದು ಹಿಡಿ ಕಾಫಿಪುಡಿ ಮೆತ್ತಿದಳು. ಹತ್ತು ವರ್ಷ ಆದಮೇಲೆ ಹೆಣ್ಣು ನೋಡೋಕೆ ಹೋದ್ರೆ ಅದೇ ಮನೆ, ಅದೇ ಹುಡುಗಿ, ಕೈಯಲ್ಲಿ ಕಾಫಿ ಲೋಟ. ಅವಳೇ ಜಯಮ್ಮ.

ಇದನ್ನ ಬರೆದು ಕಳಿಸಿದೆ. ಮೈಸೂರಿನ ಒಂದು ಪತ್ರಿಕೆಯವರು ಭಾನುವಾರದ ಪುರವಣಿಗೆ ಹಾಕಿದರು.

ಪುಟ್ಟಸ್ವಾಮಿ ನನ್ನ ಜೊತೇಲಿ ಪಾಲಹಳ್ಳೀಲಿ ಬೆಳೆದೋನು. ಆಗ ಕೆ.ಆರ್.ಪೇಟೇಲಿ ಗೊಬ್ಬರದ ಅಂಗಡಿ ಇಟ್ಟಿದ್ದ. ಅಂಗಡಿ ಬಾಗಿಲು ಹಾಕ್ಕೊಂಡು, ಪೇಪರ್ ಕಂಕುಳಲ್ಲಿ ಇಟ್ಕೊಂಡು ಮೊದಲ ಬಸ್ಸಿಗೇ ಬಂದಿದ್ದಾನೆ. ಅವತ್ತು ಗಾಡಿ ಮೇಲೆ ಅವನೂ ಇದ್ದಿದ್ದು ನಿಜ.

ನಾನು ಸಮಾಧಾನವಾಗಿ ಹೇಳಿದೆ. ಇದು ಫಸ್ಟ್ ಪರ್ಸನ್ ಕಥೆ ಕಣ್ಲಾ, ಇದರಲ್ಲಿ 'ನಾನು' ಅಂದ್ರೆ ನಾನು, ಅದು ಗ್ರಾಮರ್ ಅಂತ.

"ಬಿದ್ದೋನೇ ಕಣ್ಲಾ ಫಸ್ಟ್ ಪರ್ಸನ್ನು. ನೀನು ಪಕ್ಕದ್ ಪರ್ಸನ್ನು."

ಹೋಟೆಲ್ ಶಿವಣ್ಣ ಜಡ್ಜ್ ಆದ. ನಾನೂ ಪಂಚೆ ಎತ್ತಿ ಮಂಡಿ ತೋರಿಸಬೇಕಾಯ್ತು. ಅಡುಗೆಯವನು ಸೌಟು ಹಿಡ್ಕೊಂಡೇ ಈಚೆಗೆ ಬಂದು, ಎರಡನ್ನೂ ಬಗ್ಗಿ ನೋಡಿ, ಎರಡೂ ಹಲಸಿನಕಾಯಿ ಇದ್ದಂಗವೆ ಅಂದ.

ಕೊನೆಗೆ ಶಿವಣ್ಣ, ಕಾಫಿಪುಡಿ ಮೆತ್ತಿದವರನ್ನೇ ಕೇಳಿಬಿಡಿ ಅಂತ ತೀರ್ಪು ಕೊಟ್ಟ. ಜಯಮ್ಮ ಇಲ್ಲ ಅನ್ನೋದು ಆಮೇಲೆ ಅವನಿಗೇ ನೆನಪಾಯ್ತು. ಪುಟ್ಟಸ್ವಾಮಿ ಕಾಲು ಕೆಳಗಿಳಿಸಿದ.

ನಗಬೇಡಿ ದಯವಿಟ್ಟು. ಮಂಡಿ ಅವನದಾದ್ರೆ ಕಾಫಿಪುಡೀನೂ ಅವನದೇ. ಜಯಮ್ಮ ಮೊದಲು ಓಡಿಬಂದಿದ್ದು ಅವನಿಗೋಸ್ಕರ ಅಂತಾಗುತ್ತೆ. ಅವಳು ಹೋದಮೇಲೆ ನಂದು ಅಂತ ಉಳಿದಿದ್ದೇ ಆ ಒಂದು ಹಿಡಿ ಪುಡಿ...

ನಮ್ಮ ಅತ್ತೆ, ಜಯಮ್ಮನ ತಾಯಿ, ಇನ್ನೂ ಇದ್ದರು, ನಾಗಮಂಗಲದಲ್ಲಿ ಮಗನ ಮನೇಲಿ. ಅವರನ್ನೇ ಕೇಳೋಣ ಅಂತ ಇಬ್ಬರೂ ಬಸ್ ಹತ್ತಿದೆವು.

ಅವನು ಮುಂದಿನ ಸೀಟು, ನಾನು ಹಿಂದಿನ ಸೀಟು. ಪಾಂಡವಪುರದ ಹತ್ರ ಒಂದು ತಿರುವು ಬಂತು. ಇಲ್ಲೇ ಬಿದ್ದಿದ್ದು ಅಂತ ಎದ್ದು ನಿಂತ. ನಾನು ಮುಂದಿನ ತಿರುವಲ್ಲಿ ಎದ್ದು ನಿಂತೆ. ಇಳಿಯೋದು ಎಲ್ಲಿ ಅಂತ ಮೊದಲು ಇಬ್ಬರೂ ತೀರ್ಮಾನ ಮಾಡ್ಕೊಳಿ ಅಂತ ಕಂಡಕ್ಟರ್ ರೇಗಿದ.

ಅತ್ತೆ ಜಗಲಿ ಮೇಲೆ ಅವರೆಕಾಯಿ ಸುಲಿತಾ ಕೂತಿದ್ದಾರೆ. ಬಂದ ವಿಷಯ ಹೇಳಿದೆ. ನಮ್ಮ ಮುಂದೂ ಒಂದೊಂದು ಗುಡ್ಡೆ ಕಾಯಿ ಸುರಿದರು. ನಾವು ಸುಲಿತಾ ಸುಲಿತಾ ನಮ್ಮ ನಮ್ಮ ಕೇಸ್ ಮಂಡಿಸಿದೆವು.

ಪೂರ್ತಿ ಕೇಳಿ ಅತ್ತೆ ಹೇಳಿದ್ದು ಇಷ್ಟು.

"ನೀವಿಬ್ರೂ ಬೀಳ್ನಿಲ್ಲ ಕಣ್ರಪ್ಪ. ಬಿದ್ದೋಳು ಜಯ. ಗಾಡಿ ಹಿಂದ್ಲಿಂದ ಕಬ್ಬು ಕೀಳಕೋಗಿ ಬಿದ್ಲು. ಕಾಫಿಪುಡಿ ಮೆತ್ತಿದ್ದು ನಾನು. ನೀವಿಬ್ರೂ ಮೇಲೆ ಕುಂತ್ಕಂಡು ನಗ್ತಿದ್ರಿ."

ಪುಟ್ಟಸ್ವಾಮಿ ಮೆಲ್ಲಗೆ ತನ್ನ ಮಂಡಿ ಮುಟ್ಟಿ ನೋಡ್ಕೊಂಡು, ಅಂಗಾದ್ರೆ ಈ ಕಲೆ ಎಲ್ಲೀದು ಅಂದ. ನಿಮ್ಮವ್ವನ್ನ ಕೇಳೋಗಪ್ಪ ಅಂದರು ಅತ್ತೆ.

ಹದಿನೆಂಟು ವರ್ಷದ ಸಂಸಾರದಲ್ಲಿ ನೆಂಟರ ಮುಂದೆ ಎಷ್ಟು ಸಲ ಈ ಕಥೆ ಹೇಳಿಲ್ಲ ನಾನು. ಪ್ರತಿ ಸಲಾನೂ ಜಯಮ್ಮ ಸೆರಗು ಬಾಯಿಗೆ ಇಟ್ಕೊಂಡು ನಗೋಳು. ನಾಚಿಕೆ ಅಂದ್ಕೊಂಡಿದ್ದೆ. ಅವಳಿಗೆ ಗೊತ್ತಿರಲಿಲ್ವ ಅಂತ ಕೇಳಿದೆ.

"ಗೊತ್ತಿಲ್ದೆ ಏನಪ್ಪ. ಒಂದ್ಸಲ ನಾನೇ ಯೋಳಕೋದೆ, ನನ್ ಬಾಯ್ ಮುಚ್ಸುದ್ಲು. ಯೋಳ್ಕಳ್ಳಿ ಬುಡವ್ವ, ಬಿದ್ದೋಳು ಅನ್ನುಸ್ಕಳದ್ಕಿಂತ ಓಡ್ಬಂದೋಳು ಅನ್ನುಸ್ಕಳದೇ ಚೆಂದ ಅಂದ್ಲು."

ಆಮೇಲೆ ಅತ್ತೆ ಸುಲಿಯೋದು ನಿಲ್ಲಿಸಿ ನನ್ನ ಮುಖ ನೋಡಿದರು. ಅವಳ ಎಡ ಮಂಡೀಲಿ ಪುಡಿ ಒಳಗೇ ಕೂತು ಕಪ್ಪಗೆ ಕಲೆ ಆಗಿತ್ತಲ್ಲ, ಇಷ್ಟು ವರ್ಷ ನೋಡೇ ಇರಲಿಲ್ವ ಅಂದರು.

ನೋಡಿದ್ದೆ. ಹುಟ್ಟುಮಚ್ಚೆ ಅಂದ್ಕೊಂಡಿದ್ದೆ.

ವಾಪಸ್ ಬರುವಾಗ ಪುಟ್ಟಸ್ವಾಮಿ ನನ್ನ ಪಕ್ಕದಲ್ಲೇ ಕೂತ. ಪಾಂಡವಪುರ ದಾಟಿದ ಮೇಲೆ ಮೆತ್ತಗೆ ಕೇಳಿದ, ನಾವು ನಿಜವಾಗ್ಲೂ ನಗ್ತಿದ್ವೇನ್ಲಾ ಅಂತ. ಎಷ್ಟು ತಡಕಾಡಿದರೂ ಇಬ್ಬರಿಗೂ ಆ ನಗು ನೆನಪಿಗೆ ಬರಲಿಲ್ಲ.

ಮನೆಗೆ ಬಂದು ಪತ್ರಿಕೆಗೆ ಕಾಗದ ಬರೆದೆ. ಸರ್, ಮೈ ಸ್ಟೋರಿ ಈಸ್ ರಾಂಗ್, ಬಿದ್ದವನು ನಾನಲ್ಲ, ನನ್ನ ಹೆಂಡತಿ, ದಯವಿಟ್ಟು ತಿದ್ದುಪಡಿ ಹಾಕಿ ಅಂತ. ಹದಿನೈದು ದಿನಕ್ಕೆ ಕಾರ್ಡ್ ಬಂತು. ಕಥೆಗಳಿಗೆ ತಿದ್ದುಪಡಿ ಪ್ರಕಟಿಸುವ ಪದ್ಧತಿ ಅವರಲ್ಲಿಲ್ಲವಂತೆ.

ಅದಕ್ಕೇ ಇಷ್ಟು ವರ್ಷ ಆದಮೇಲೆ ಇಲ್ಲಿ ಬರೀತಿದ್ದೀನಿ. ಬಿದ್ದೋಳು ಜಯಮ್ಮ. ನಾನು ಗಾಡಿ ಮೇಲಿದ್ದೆ.

ನಿಮ್ಮ ಮನೆಯವರ ಮೈಮೇಲೂ ಒಂದು ಹಳೇ ಕಲೆ ಇರುತ್ತೆ... ಅದು ಹೇಗಾಯ್ತು ಅಂತ ಕೇಳಿದ್ದೀರಾ?