ವಾಸಣ್ಣನ ಮನೆಯ ಪಾಲು

‘ಬೇಡ’ ಅನ್ನುವುದರಲ್ಲಿ ನಾನು ಎಕ್ಸ್‌ಪರ್ಟ್. ಯಾರು ಏನು ಕೊಟ್ಟರೂ ಮೊದಲು ‘ಅಯ್ಯೋ, ಬೇಡ ಬಿಡಿ’ ಅನ್ನಬೇಕು. ಅವರು ಒತ್ತಾಯ ಮಾಡಬೇಕು. ಆಮೇಲೆ ಸಂಕೋಚ ಪಡುತ್ತಾ ಕೈ ಚಾಚಬೇಕು. ನಮ್ಮ ಬಾಗಲಗುಂಟೆಯಲ್ಲಿ ಇದಕ್ಕೆ ಸಭ್ಯತೆ ಅನ್ನುತ್ತಾರೆ. (ಬಿರಿಯಾನಿ ಬಂದರೆ ನೇರವಾಗಿ ಕೈ ಚಾಚುವುದೂ ಉಂಟು.)

ಈ ಸಭ್ಯತೆಯನ್ನು ಗಂಟು ಕಟ್ಟಿಕೊಂಡೇ ದಸರಾ ರಜೆಗೆ ನಾನೂ ಹೆಂಡತಿ ಸುಮಾಳೂ ಉಡುಪಿ ಕಡೆಯ ಒಂದು ಮೀನುಗಾರರ ಊರಿಗೆ ಹೋದೆವು. ಜಗಲಿಯಲ್ಲಿ ಕೂತರೆ ಎದುರಿಗೇ ಸಮುದ್ರ ಕಾಣುವ ಹೆಂಚಿನ ಮನೆ. ಪಕ್ಕದಲ್ಲಿ ಹೊಸದಾಗಿ ಕಟ್ಟಿದ ಎರಡು ರೂಮು. ಅದೇ ಗೆಸ್ಟ್‌ಹೌಸ್. ನಡೆಸುವವರು ಲೀಲಕ್ಕ. ಗಂಡ ವಾಸಣ್ಣ ಭುಜದ ಆಪರೇಷನ್ ಆದ ಮೇಲೆ ದಡಕ್ಕಿಳಿಯುವುದನ್ನು ಬಿಟ್ಟು ಜಗಲಿಯ ಕುರ್ಚಿ ಹಿಡಿದಿದ್ದಾರೆ.

‘ಬೆಳಗ್ಗೆ ಬಲೆ ಎಳೆಯುವ ಎಕ್ಸ್‌ಪೀರಿಯೆನ್ಸ್, ಉಚಿತ’ ಎಂದು ಬುಕ್ ಮಾಡುವಾಗಲೇ ಓದಿದ್ದೆ. ಉಚಿತ ಎಂದರೆ ನಾವು ಬಿಡುತ್ತೇವೆಯೇ? ಬೆಳಕು ಹರಿಯುವಷ್ಟರಲ್ಲಿ ಲೀಲಕ್ಕ ಬಾಗಿಲು ತಟ್ಟಿ, ಕಾಫಿ ಕೊಟ್ಟು, ನಮ್ಮನ್ನು ದಡಕ್ಕೆ ಅಟ್ಟಿದರು.

ದೋಣಿಯವರು ಬಲೆಯನ್ನು ಸಮುದ್ರದಲ್ಲಿ ಅರ್ಧ ಸುತ್ತು ಬಿಟ್ಟು, ಎರಡು ತುದಿಯ ಹಗ್ಗವನ್ನು ದಡಕ್ಕೆ ತಂದಿದ್ದರು. ಊರಿನ ಗಂಡಸರು, ಹೆಂಗಸರು ಸಾಲಾಗಿ ನಿಂತು ಎಳೆಯುತ್ತಿದ್ದರು. ನಾವೂ ಸೇರಿಕೊಂಡೆವು. ಅಂಗೈ ಉರಿದಾಗಲೆಲ್ಲ ನಾನು ಫೋಟೋ ನೆಪದಲ್ಲಿ ಹಗ್ಗ ಬಿಡುತ್ತಿದ್ದೆ. ಸುಮಾ ಬಿಡಲಿಲ್ಲ.

ಬಲೆ ದಡಕ್ಕೆ ಬಂತು. ತುಂಬಾ ಬೂತಾಯಿ, ನಾಲ್ಕಾರು ಬಂಗುಡೆ. ಬಲೆಯ ಯಜಮಾನ ಮರಳಿನ ಮೇಲೆ ಮೀನನ್ನು ಗುಡ್ಡೆ ಗುಡ್ಡೆ ಮಾಡಿ, ಒಂದೊಂದೇ ಮನೆಯ ಹೆಸರು ಕೂಗತೊಡಗಿದ. ‘ವಾಸಣ್ಣನ ಮನೆ’ ಎಂದು ಕೂಗಿ ನಮ್ಮ ಕಡೆ ನೋಡಿದ.

“ಅಯ್ಯೋ, ಬೇಡ ಬಿಡಿ. ನಾವ್ ಸುಮ್ನೆ ಖುಷಿಗ್ ಎಳೆದಿದ್ದು” ಎಂದು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದೆ.

ಆತ ಎರಡನೇ ಸಲ ಕೇಳಲೇ ಇಲ್ಲ. ನಮ್ಮ ಗುಡ್ಡೆಯನ್ನು ಉಳಿದವರಿಗೆ ಹಂಚಿಬಿಟ್ಟ. ಬಡವರ ಹೊಟ್ಟೆಗೆ ಹೋಯಿತಲ್ಲ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಮಧ್ಯಾಹ್ನ ಊಟಕ್ಕೆ ಸೌತೆಕಾಯಿ ಹುಳಿ. ಕಡಲ ತಡಿಗೆ ಬಂದು ಸೌತೆಕಾಯಿಯೇ? ಮೀನಿಲ್ಲವಾ ಎಂದು ಕೇಳಿದೆ. ಬಡಿಸುತ್ತಿದ್ದ ಲೀಲಕ್ಕ ತಲೆ ಎತ್ತದೆ ಹೇಳಿದರು:

“ನೀವು ಬೇಡ ಅಂದದ್ದು ನಿಮ್ಮ ಪಾಲಲ್ಲ ಮಾರಾಯ್ರೆ, ನಮ್ಮ ಮನೆಯದ್ದು.”

ಆಮೇಲೆ ಬಿಡಿಸಿ ಹೇಳಿದರು. ಹಗ್ಗಕ್ಕೆ ಕೈ ಹಾಕಿದ ಮನೆಗೆ ಮಾತ್ರ ಪಾಲು. ವಾಸಣ್ಣ ಕುರ್ಚಿ ಹಿಡಿದ ಮೇಲೆ ಈ ಮನೆಯಿಂದ ಎಳೆಯುವವರಿಲ್ಲ. ಲೀಲಕ್ಕನಿಗೆ ಆಸ್ತಮಾ. ರೂಮು ಕಟ್ಟಿದ ಮೇಲಂತೂ ‘ಅದು ಈಗ ಹೋಟೆಲು, ಬಲೆಯ ಮನೆ ಅಲ್ಲ’ ಎಂದು ಊರಲ್ಲಿ ಮಾತು ಶುರುವಾಯಿತು. ಲೀಲಕ್ಕ ಬಲೆಯ ಯಜಮಾನನ ಹತ್ತಿರ ವಾದ ಮಾಡಿ ಒಪ್ಪಿಸಿದರು: ನಮ್ಮ ಮನೆಯಲ್ಲಿ ಮಲಗಿ ಎದ್ದವರು ಎಳೆದರೆ ನಮ್ಮ ಮನೆಯವರೇ ಎಳೆದ ಹಾಗೆ.

ನಮ್ಮ ಉಚಿತ ಎಕ್ಸ್‌ಪೀರಿಯೆನ್ಸ್ ಅಂದರೆ ಇದು!

ಪೇಟೆಯಿಂದ ಮೀನು ತಂದುಕೊಡುತ್ತೇನೆ ಎಂದೆ. ಲೀಲಕ್ಕ ಜಗಲಿಯ ಕಡೆ ನೋಡಿ ದನಿ ತಗ್ಗಿಸಿದರು. “ಮೀನು ಪೇಟೆಯಲ್ಲೂ ಸಿಗ್ತದೆ. ದಡದಲ್ಲಿ ಹೆಸರು ಕೂಗುವುದು ಇವರಿಗೆ ಇಲ್ಲಿಗೆ ಕೇಳ್ತದೆ. ಅದಕ್ಕೇ ಕಾದು ಕೂತಿರ್ತಾರೆ.”

ಹಾಗಾದರೆ ಬೆಳಗ್ಗೆ ಅವರಿಗೆ ಹೆಸರೂ ಕೇಳಿಸಿತ್ತು, ನನ್ನ ಸಭ್ಯತೆಯೂ ಕೇಳಿಸಿತ್ತು.

ಮರುದಿನ ಫೋನು ರೂಮಲ್ಲೇ ಬಿಟ್ಟು ಹೋದೆ. ಹಗ್ಗ ಬಿಡಲಿಲ್ಲ. ಅಂಗೈ ಸುಲಿಯಿತು. ಸಿಕ್ಕಿದ್ದು ಹಿಂದಿನ ದಿನದ ಅರ್ಧದಷ್ಟೂ ಇಲ್ಲ. ‘ವಾಸಣ್ಣನ ಮನೆ’ ಎಂದು ಕೂಗಿದ್ದೇ ತಡ, ಸುಮಾ ನನಗಿಂತ ಮೊದಲು ಬಕೆಟ್ ಹಿಡಿದು ನಿಂತಿದ್ದಳು.

ಜಗಲಿಯಲ್ಲಿ ವಾಸಣ್ಣ ಬಕೆಟ್ಟಿನೊಳಗೆ ಇಣುಕಿ, “ಇಷ್ಟೇಯಾ?” ಎಂದರು. ಆದರೂ ನಮ್ಮನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಗ್ಗ ಹಿಡಿಯುವ ಕ್ರಮ ಅದಲ್ಲ ಎಂದು ಬಹಳ ಹೊತ್ತು ಬೈದರು.

ಈಗ ಬಾಗಲಗುಂಟೆಗೆ ಮರಳಿದ್ದೇವೆ. ನಮ್ಮ ಬೀದಿಯವರು ಸೇರಿ ಚರಂಡಿ ಕ್ಲೀನ್ ಮಾಡುವ ದಿನ ವಾಟ್ಸಾಪ್ ಗ್ರೂಪಿನಲ್ಲಿ ಹೆಬ್ಬೆಟ್ಟು ಒತ್ತಿ ಒಳಗೇ ಇರುವವನು ನಾನು. ಬೀದಿಯಲ್ಲಿ ನಿಂತು ನನ್ನ ಹೆಸರು ಕೂಗುವವರು ಡೆಲಿವರಿಯವರು ಮಾತ್ರ.

ಅದೂ ಒಟಿಪಿ ಕೇಳುವುದಕ್ಕೆ.