ಒಂದೇ ಶುಕ್ರವಾರ ಎರಡು ಕೋರಿಕೆ

ಎರಡು ದೋಣಿಯಲ್ಲಿ ಕಾಲಿಡಬೇಡ ಎಂದು ಬುದ್ಧಿ ಹೇಳುವವರನ್ನು ನಾನೊಂದು ಪ್ರಶ್ನೆ ಕೇಳಬೇಕು. ಒಂದು ದೋಣಿಯಲ್ಲಿ ಅಮ್ಮ, ಇನ್ನೊಂದರಲ್ಲಿ ಅಪ್ಪ ಕೂತು ಕೈಬೀಸಿ ಕರೆಯುತ್ತಿದ್ದರೆ ನೀವು ಯಾವುದನ್ನು ಹತ್ತುತ್ತಿದ್ದಿರಿ? ನಾನಂತೂ ಎರಡನ್ನೂ ಹತ್ತಿದೆ. ಪದವಿ ಓದುತ್ತಿದ್ದಾಗ ಸುಮಾರು ಎರಡು ವರ್ಷ ಮೆಡಿಕಲ್ ಪ್ರವೇಶ ಪರೀಕ್ಷೆಗೂ ಕಾನೂನು ಪ್ರವೇಶ ಪರೀಕ್ಷೆಗೂ ಒಟ್ಟೊಟ್ಟಿಗೆ ತಯಾರಿ ನಡೆಸಿದ ಮಹಾಶೂರೆ ನಾನು.

ಊರಿನಲ್ಲಾದರೆ ಪಿಯುಸಿ ಮುಗಿಯುವಾಗಲೇ ಹಣೆಬರಹ ತೀರ್ಮಾನವಾಗಿಬಿಡುತ್ತದೆ. ಅಬುಧಾಬಿಯಲ್ಲಿ ನಾನು ಸೇರಿದ್ದು ಅಮೆರಿಕದ ಪದ್ಧತಿಯ ಕಾಲೇಜು. ಅಲ್ಲಿ ಮೊದಲು ಒಂದು ಪದವಿ, ಆಮೇಲೆ ಡಾಕ್ಟರಾದರೂ ಆಗು, ಲಾಯರಾದರೂ ಆಗು. ಯೋಚಿಸಲು ನಾಲ್ಕು ವರ್ಷ ಬಿಟ್ಟರೆ ಯಾರ ತಲೆ ತಾನೇ ಕೆಡುವುದಿಲ್ಲ?

ಅಮ್ಮ ಆಸ್ಪತ್ರೆಯಲ್ಲಿ ನರ್ಸ್. ಅಪ್ಪ ದುಬೈಯ ಒಂದು ಕಂಪನಿಯಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್, ಅಂದರೆ ಕರಾರುಪತ್ರಗಳನ್ನು ಜೋಪಾನವಾಗಿ ಫೈಲು ಮಾಡಿಡುವ ಕೆಲಸ. ಅವನ್ನು ಓದಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅವರೇ ಓದುತ್ತಿದ್ದರು, ಓದಿದ್ದನ್ನು ನಮಗೂ ಹೇಳುತ್ತಿದ್ದರು. ವಾರವಿಡೀ ಅಲ್ಲೇ ಅಲ್ ಬರ್ಷಾದಲ್ಲಿ ಮೂವರು ಗಂಡಸರ ಜತೆ ಒಂದು ಕೋಣೆ, ಗುರುವಾರ ಸಂಜೆ ಬಸ್ಸು ಹಿಡಿದು ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಮನೆಗೆ. ಅಲ್ಲಿ ಆಗ ವಾರದ ರಜೆ ಶುಕ್ರವಾರ, ಶನಿವಾರ. ಹಾಗಾಗಿ ನನ್ನ ವೇಳಾಪಟ್ಟಿ ಬಹಳ ಸರಳ. ಭಾನುವಾರದಿಂದ ಗುರುವಾರದವರೆಗೆ ಡಾಕ್ಟರ್, ಶುಕ್ರವಾರ ಶನಿವಾರ ಲಾಯರ್.

ಅಮ್ಮ ಡ್ಯೂಟಿ ಮುಗಿಸಿ ಬಂದವಳೇ ಬಕೆಟಿನ ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಟ್ಟು, ನನ್ನ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಪ್ರಶ್ನೆ ಕೇಳುವಳು. ಮೂತ್ರಪಿಂಡದ ವಿಷಯದಲ್ಲಿ ನಾನು ತೊದಲಿದರೆ ಪುಸ್ತಕ ನೋಡದೆಯೇ ತಾನೇ ಉತ್ತರ ಹೇಳಿ, "ಇಷ್ಟು ನಂಗೇ ಗೊತ್ತುಂಟು, ನಿಂಗೆ ಗೊತ್ತಿಲ್ವಾ?" ಎನ್ನುವಳು. ಆಮೇಲೆ ದನಿ ತಗ್ಗಿಸಿ, "ಪಪ್ಪ ಬಂದಾಗ ಆ ಲಾಯರ್ ಪುಸ್ತಕವನ್ನೂ ಸ್ವಲ್ಪ ಬಿಡಿಸಿ ಕೂತ್ಕೊ, ಆಯ್ತಾ? ಪಾಪ, ಅವರಿಗೆ ಬೇಜಾರಾಗ್ಬಾರ್ದು" ಎನ್ನುವಳು.

ಶುಕ್ರವಾರ ಅಮ್ಮ ಅಡುಗೆಮನೆಗೆ ಹೋದದ್ದೇ ತಡ, ಅಪ್ಪ ಕುರ್ಚಿ ಹತ್ತಿರ ಎಳೆದುಕೊಳ್ಳುವರು. "ಮೆಡಿಕಲ್ ಓದುವ ಹಾಗೆ ಮಾಡ್ತಾ ಇರು ಮಗಾ. ಮಮ್ಮಿಗೆ ಈಗಲೇ ಎಂತ ಹೇಳ್ಬೇಡ. ಸಮಯ ಬಂದಾಗ ನಾನು ಮಾತಾಡ್ತೇನೆ, ಖಲಾಸ್."

ಹೀಗೆ ಎರಡೂ ಕಡೆಯಿಂದ ನಾಟಕದ ಗುತ್ತಿಗೆ ನನಗೇ ಸಿಕ್ಕಿತ್ತು. ಇಬ್ಬರಿಗೂ ತಲೆಯಾಡಿಸುತ್ತಿದ್ದೆ.

ನಮ್ಮದು ಶೇರಿಂಗ್ ಫ್ಲಾಟು. ಎರಡು ಕುಟುಂಬ, ಒಂದು ಅಡುಗೆಮನೆ, ಒಂದೇ ಬಾತ್‌ರೂಮು. ಇನ್ನೊಂದು ಕೋಣೆಯಲ್ಲಿದ್ದವರು ಗೋವಾದವರು. ಗಂಡ, ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಒಬ್ಬ ಅಜ್ಜಿ. ನಮ್ಮ ಮನೆಯಲ್ಲಿ ಊಟ, ಪ್ರಾರ್ಥನೆ, ಮುದ್ದು ಎಲ್ಲ ಕೊಂಕಣಿಯಲ್ಲಿ. ಕೊಂಕಣಿ ಗೋವಾದವರಿಗೂ ಬರುತ್ತದಲ್ಲ, ಅದಕ್ಕೇ ಗುಟ್ಟು ಮತ್ತು ಜಗಳ ಮಾತ್ರ ಕನ್ನಡದಲ್ಲಿ. ನಾನು ಕನ್ನಡ ಕಲಿತದ್ದೇ ಅಪ್ಪ ಅಮ್ಮನ ಜಗಳದಿಂದ ಎಂದರೆ ಸುಳ್ಳಲ್ಲ.

ಕಾನೂನು ಪರೀಕ್ಷೆಯಲ್ಲಿ ಒಂದು ಬಗೆಯ ಪ್ರಶ್ನೆ ಬರುತ್ತಿತ್ತು. ಏಳು ಜನರನ್ನು ಸಾಲಾಗಿ ನಿಲ್ಲಿಸಬೇಕು. ಇಂಥವರು ಇಂಥವರಿಗಿಂತ ಮೊದಲು, ಇಂಥವರ ಬೆನ್ನಿಗೆ ಇಂಥವರು ಬರಕೂಡದು. ಬಿಡಿಸುತ್ತಾ ಬಿಡಿಸುತ್ತಾ ಹೊಳೆಯಿತು, ಅರೆ, ಇದು ನಮ್ಮ ಬಾತ್‌ರೂಮೇ. ವಾರಕ್ಕೊಮ್ಮೆ ಬರುವ ಅಪ್ಪನನ್ನು ಬಿಟ್ಟರೆ ಅಲ್ಲೂ ಏಳು ಜನ. ದಿನಾ ಬೆಳಿಗ್ಗೆ ಬಾಗಿಲು ಬಡಿತ, ಗೊಣಗಾಟ, ಒಬ್ಬರ ಸ್ಕೂಲ್ ಬಸ್ಸು ತಪ್ಪುವುದು, ಇನ್ನೊಬ್ಬರ ಡ್ಯೂಟಿಗೆ ತಡವಾಗುವುದು. ಒಂದು ಪಟ್ಟಿ ಬರೆದು ಬಾಗಿಲಿಗೆ ಅಂಟಿಸಿದೆ. ಗೋವಾದ ಆಂಟಿ ತಕರಾರು ತೆಗೆದರು. ನಮ್ಮಮ್ಮ ಅವರಿಗಿಂತ ಜೋರಾಗಿ ತೆಗೆದಳು. ಅಡುಗೆಮನೆಯಲ್ಲಿ ನಿಂತು ಎಲ್ಲರ ವಾದ ಕೇಳಿ, ಅಜ್ಜಿಗೆ ಯಾವ ಪಟ್ಟಿಯೂ ಇಲ್ಲ, ಅವರಿಗೆ ಬೇಕಾದಾಗ ಬಾಗಿಲು ತೆರೆಯಬೇಕು ಎಂದು ತೀರ್ಪು ಕೊಟ್ಟೆ. ಇಬ್ಬರೂ ಒಪ್ಪಿದರು. ಮರುದಿನದಿಂದ ಬಡಿತ ನಿಂತಿತು. ಯಾವ ಮೂಳೆಯ ಹೆಸರು ಬಾಯಿಪಾಠವಾದಾಗಲೂ ನನಗೆ ಅಷ್ಟು ಖುಷಿಯಾಗಿರಲಿಲ್ಲ. ನನಗೆ ಬೇಕಾದದ್ದು ಕಾನೂನು ಎಂದು ಅಂದೇ ಗೊತ್ತಾಯಿತು.

ಗೊತ್ತಾಗುವುದು ಸುಲಭ, ಅಮ್ಮನಿಗೆ ಹೇಳುವುದು ಯಾರು? ಕೊನೆಯ ವರ್ಷ ಕಾನೂನು ಪರೀಕ್ಷೆಗೆ ಮಾತ್ರ ಹೆಸರು ನೋಂದಾಯಿಸಿ, ಮೆಡಿಕಲ್‌ನ ಗಡುವು ದಾಟಿಹೋಗಲು ಬಿಟ್ಟೆ. ಅಪ್ಪನ ಹತ್ತಿರವೂ ಬಾಯಿಬಿಡಲಿಲ್ಲ. ಸಂಜೆಯಾದರೆ ಬಕೆಟಿನ ಪಕ್ಕ ಕೂತು ಬರೆಯದ ಪರೀಕ್ಷೆಯ ಪ್ರಶ್ನೆಗಳಿಗೆ ಉತ್ತರ ಹೇಳುತ್ತಿದ್ದೆ. ಅಮ್ಮ "ಈಗ ಸರಿಯಾಯ್ತು ನೋಡು" ಎಂದಾಗಲೆಲ್ಲ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿತ್ತು.

ಶುಕ್ರವಾರ ನಮಗೆ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಕೊಂಕಣಿ ಪೂಜೆ. ಯಾರಿಗಾದರೂ ವಿಶೇಷ ಪ್ರಾರ್ಥನೆ ಬೇಕಿದ್ದರೆ ಹೆಸರು, ಕಾರಣ ಎರಡನ್ನೂ ಚೀಟಿಯಲ್ಲಿ ಬರೆದು ಮೊದಲೇ ಕೊಡಬೇಕು. ಪೂಜೆ ಶುರುವಾಗುವಾಗ ಪಾದ್ರಿಗಳು ಅವನ್ನೆಲ್ಲ ಗಟ್ಟಿಯಾಗಿ ಓದುತ್ತಾರೆ. ಪರೀಕ್ಷೆಯ ದಿನಗಳು ಹತ್ತಿರ ಬಂದ ಒಂದು ಶುಕ್ರವಾರ, ಮೆಡಿಕಲ್ ಪ್ರವೇಶ ಪರೀಕ್ಷೆಯ ಯಶಸ್ಸಿಗಾಗಿ ಎಂದು ನನ್ನ ಹೆಸರು ಬಂತು. ಪಕ್ಕದಲ್ಲಿ ಅಮ್ಮ ಭಕ್ತಿಯಿಂದ ತಲೆ ತಗ್ಗಿಸಿದಳು. ಆಮೇಲೆ ಯಾರದೋ ಮದುವೆಯ ಬೆಳ್ಳಿಹಬ್ಬ, ಯಾರದೋ ಮೊಣಕಾಲಿನ ಆಪರೇಷನ್. ಅದರ ಬೆನ್ನಿಗೇ, ಕಾನೂನು ಪ್ರವೇಶ ಪರೀಕ್ಷೆಯ ಯಶಸ್ಸಿಗಾಗಿ ಎಂದು ಮತ್ತೆ ನನ್ನದೇ ಹೆಸರು. ಅಪ್ಪನೂ ಗುಟ್ಟಾಗಿ ಚೀಟಿ ಕೊಟ್ಟಿದ್ದರು. ಪಾದ್ರಿಗಳು ಓದುವುದನ್ನು ನಿಲ್ಲಿಸಿ ಕನ್ನಡಕದ ಮೇಲಿನಿಂದ ನೋಡಿ, "ದೇವರಿಗೆ ಎರಡೂ ಕಷ್ಟ ಅಲ್ಲ. ಮಗುವಿಗೆ ಕಷ್ಟ ಆಗ್ಬಹುದು" ಎಂದರು. ಇಡೀ ಇಗರ್ಜಿ ನಕ್ಕಿತು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನಿಸಿತು ನನಗೆ.

ಪೂಜೆ ಮುಗಿದು ಅಂಗಳಕ್ಕೆ ಬಂದದ್ದೇ ಜಗಳ ಶುರು. "ಅವಳು ಲಾಯರ್ ಪುಸ್ತಕ ಹಿಡ್ಕೊಂಡದ್ದು ನಿಮ್ಮ ಸಮಾಧಾನಕ್ಕೆ ಮಾರಾಯ್ರೆ" ಎಂದಳು ಅಮ್ಮ. "ಎಂತ? ಅವಳು ಮೆಡಿಕಲ್ ಓದುವುದೇ ನಿನ್ನ ಸಮಾಧಾನಕ್ಕೆ" ಎಂದರು ಅಪ್ಪ. ಮನೆಯ ಅಭ್ಯಾಸಬಲದಿಂದ ಇಬ್ಬರೂ ಕನ್ನಡಕ್ಕೆ ಹೊರಳಿದ್ದರು. ಸುತ್ತ ನಿಂತವರೆಲ್ಲ ಮಂಗಳೂರು, ಉಡುಪಿ ಕಡೆಯವರು, ಒಂದಕ್ಷರ ಬಿಡದೆ ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ಅವರಿಗೆ ಮರೆತೇ ಹೋಗಿತ್ತು. ಜ್ಯೂಸ್ ಹಿಡಿದು ನಿಂತಿದ್ದ ಯಾರೋ ವಯಸ್ಸಾದ ಬಾಯಮ್ಮ ಒಬ್ಬರು ಶುದ್ಧ ಕನ್ನಡದಲ್ಲಿ, "ಹುಡುಗಿಯನ್ನೇ ಒಂದು ಮಾತು ಕೇಳಿ ಅಲ್ವಾ" ಎಂದರು. ಇಬ್ಬರೂ ಬೆಚ್ಚಿಬಿದ್ದು ನನ್ನತ್ತ ತಿರುಗಿದರು.

"ಮಮ್ಮಿ, ನಾನು ಮೆಡಿಕಲ್‌ಗೆ ಹೆಸರೇ ಕೊಟ್ಟಿಲ್ಲ" ಎಂದೆ.

ಗೆದ್ದ ಅಪ್ಪ ಅಮ್ಮನ ಮುಖ ನೋಡುತ್ತಾ ನಿಂತರು. ಅವಳು ತಲೆಯ ಮೇಲಿನ ಶಾಲನ್ನು ನಿಧಾನವಾಗಿ ಮಡಚಿ ಬ್ಯಾಗಿಗೆ ಹಾಕಿದಳು. ಬೈಯುತ್ತಾಳೆಂದು ಕಾದೆ.

"ಇಪ್ಪತ್ತೆರಡು ವರ್ಷ ಫೈಲು ಹಿಡ್ಕೊಂಡು ಡಾಕ್ಟರುಗಳ ಹಿಂದೆ ನಡೆದಿದ್ದೇನೆ" ಎಂದಳು. "ಒಂದು ದಿನ ಆದ್ರೂ ನಿನ್ನ ಹಿಂದೆ ನಡೀಬೇಕು ಅಂತ ಆಸೆ ಇತ್ತು."

ಎರಡು ವರ್ಷ ವಾದ ಮಾಡುವುದನ್ನೇ ಕಲಿತವಳು ನಾನು. ಅಳು ಬಂತು, ಅಷ್ಟು ಜನರ ಎದುರೇ ಅತ್ತೆ.

ಟ್ಯಾಕ್ಸಿಗೆಂದು ಬಿಸಿಲಿನಲ್ಲಿ ಹೋಗುವಾಗ ಅಮ್ಮ ನಮ್ಮಿಬ್ಬರಿಗಿಂತ ಮುಂದೆ ಬಿರಬಿರನೆ ನಡೆದಳು. ರಸ್ತೆಯ ತುದಿಯಲ್ಲಿ ನಿಂತು, ತಿರುಗಿ ನೋಡದೆ ಕೇಳಿದಳು.

"ಆ ಲಾಯರ್ ಪರೀಕ್ಷೆ ಯಾವತ್ತು?"

ತಾರೀಕು ಹೇಳಿದೆ.

"ಅವತ್ತು ನಂಗೆ ಡ್ಯೂಟಿ ಉಂಟು" ಎಂದಳು. ಟ್ಯಾಕ್ಸಿಗೆ ಕೈ ತೋರಿಸಿದಳು. "ಯಾರ ಹತ್ರ ಆದ್ರೂ ಬದಲಾಯಿಸಿಕೊಳ್ತೇನೆ."